ಕೊನೆಯ ಸಾಲಿನ ಕುರ್ಚಿ

ಬುಧವಾರ, ಮಧ್ಯಾಹ್ನ
ಕಚೇರಿಯಿಂದ

ಮಾನ್ಯರೆ,

ಈ ಸಂಬೋಧನೆ ನೋಡಿ ನಗು ಬಂದರೆ ನಕ್ಕುಬಿಡಿ. ಬೇರೆ ಏನು ಬರೆಯಬೇಕೋ ತಿಳಿಯಲಿಲ್ಲ. 'ಪ್ರಿಯ' ಎಂದರೆ ಸುಳ್ಳಾಗುತ್ತದೆ. 'ರೀ' ಎಂದರೆ ನಿಮ್ಮನ್ನು ಈಗಲೂ ಪಕ್ಕದ ಕೋಣೆಯಿಂದ ಕರೆದ ಹಾಗಾಗುತ್ತದೆ. ಮದುವೆಗಳನ್ನು ವಹಿಸಿಕೊಂಡು ಮಾಡಿಸುವ ನಮ್ಮ ಕಚೇರಿಯಿಂದ ಅಡುಗೆಯವರಿಗೆ, ಹೂವಿನವರಿಗೆ, ವಾದ್ಯದವರಿಗೆ ಹೋಗುವ ಪತ್ರಗಳೆಲ್ಲ ಹೀಗೆಯೇ ಶುರುವಾಗುತ್ತವೆ. ನೀವೂ ಸದ್ಯಕ್ಕೆ ಆ ಸಾಲಿನಲ್ಲೇ ಇದ್ದೀರಿ. ಗಂಡನಿಗೆ ಬರೆದ ಪತ್ರ ಇದಲ್ಲ. ಬರುವ ಭಾನುವಾರದ ಮದುವೆಯಲ್ಲಿ ಮಾತಾಡುವ ಗೊಂಬೆಯ ಕಾರ್ಯಕ್ರಮ ಕೊಡಲು ಒಪ್ಪಿರುವ ಕಲಾವಿದರಿಗೆ ಬರೆದದ್ದು. ಅದು ನಮ್ಮ ಮಗಳ ಮದುವೆ ಎನ್ನುವುದು ಬೇರೆ ವಿಷಯ.

ನಿಮ್ಮ ಹಳೆಯ ಜೊತೆಗಾರ ಮೈಕಿನವನು ನಿನ್ನೆ ಬಂದಿದ್ದ. ನಮ್ಮ ಮದುವೆಗಳಿಗೂ ಈಗ ಅವನೇ ಮೈಕು ಹಾಕುವುದು. ಭಾನುವಾರ ನಿಮಗೆ ಬೇರೆ ಊರಿನಲ್ಲಿ ಕಾರ್ಯಕ್ರಮ ಇದೆಯಂತೆ, ಬರುವುದು ಅನುಮಾನವಂತೆ, ನಾವು ಬದಲಿ ವ್ಯವಸ್ಥೆ ನೋಡಿಕೊಂಡರೆ ಒಳ್ಳೆಯದಂತೆ. ಇಷ್ಟನ್ನು ಹೇಳುವಷ್ಟರಲ್ಲಿ ಅವನು ಎರಡು ಲೋಟ ನೀರು ಕುಡಿದ.

ಬದಲಿ ವ್ಯವಸ್ಥೆ ನನ್ನ ಕಸುಬು. ನೀವು ಮನೆ ಬಿಟ್ಟ ಮೇಲೆ ನಾನು ಕಲಿತದ್ದು ಅದೊಂದನ್ನೇ ಎಂದರೂ ತಪ್ಪಿಲ್ಲ. ನಾವು ಒಪ್ಪಿಕೊಂಡ ಮದುವೆಯಲ್ಲಿ ಪ್ರತಿಯೊಂದಕ್ಕೂ ಒಬ್ಬ ಬದಲಿಯವನು ಇರುತ್ತಾನೆ. ಅಡುಗೆಯವರಿಗೆ ಜ್ವರ ಬಂದರೆ ಇನ್ನೊಬ್ಬರು, ಕರೆಂಟು ಹೋದರೆ ಜನರೇಟರು, ಜನರೇಟರು ಕೈಕೊಟ್ಟರೆ ಅದರ ಪಕ್ಕದಲ್ಲಿ ಅದರ ತಮ್ಮ. ವೇದಿಕೆಯ ಮೇಲೆ ಬರುವವರಿಗಂತೂ ಬದಲಿ ಇರಲೇಬೇಕು. ಅವನು ವೇಷ ಹಾಕಿಕೊಂಡು, ಮೇಲೊಂದು ಕೋಟು ಹೊದ್ದು, ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಯಾರದೋ ದೂರದ ನೆಂಟನ ಹಾಗೆ ಕೂತಿರುತ್ತಾನೆ. ಬರಬೇಕಾದವರು ಬಂದರೆ ಊಟ ಮಾಡಿ ಮನೆಗೆ ಹೋಗುತ್ತಾನೆ. ಬರದಿದ್ದರೆ ಕೋಟು ತೆಗೆದು ಎದ್ದು ನಿಲ್ಲುತ್ತಾನೆ. ಒಮ್ಮೆ ವರ ಬರುವುದು ತಡವಾದಾಗ ಹುಡುಗಿಯ ತಾಯಿ ನನ್ನ ಕೈ ಹಿಡಿದು, "ಅದಕ್ಕೂ ಯಾರನ್ನಾದ್ರೂ ಕೂರಿಸಿದ್ದೀರೇನ್ರೀ?" ಎಂದು ಕೇಳಿದ್ದರು. ಪಾಪ, ಗಾಬರಿಯಲ್ಲಿ ಕೇಳಿದ್ದು. ನಾನು ಒಂದು ಕ್ಷಣ ಕೊನೆಯ ಸಾಲಿನ ಕಡೆ ತಿರುಗಿ ನೋಡಿದ್ದಂತೂ ನಿಜ.

ಆದ್ದರಿಂದ ನೀವು ತಲೆ ಕೆಡಿಸಿಕೊಳ್ಳಬೇಡಿ. ಚೆಂಡಿನವನಿಗೆ ಹೇಳಿ ಆಗಿದೆ. ರಾಶಿ ಚೆಂಡುಗಳನ್ನು ಗಾಳಿಯಲ್ಲಿ ಆಡಿಸುತ್ತಾನಲ್ಲ, ನೀಲಿ ಕೋಟಿನವನು, ನಿಮಗೂ ಗೊತ್ತು. ಅಂದು ಕೊನೆಯ ಕುರ್ಚಿ ಅವನದು. ನೀವು ಬರದಿದ್ದರೂ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ದೊಡ್ಡವರು ಊಟಕ್ಕೆ ಹೊತ್ತಾಯಿತೆಂದು ಗೊಣಗುತ್ತಾರೆ. ಮದುವೆ ನಡೆದುಹೋಗುತ್ತದೆ.

ಕಚೇರಿಯ ಪತ್ರವಾದರೆ ಇಲ್ಲಿಗೆ ಸಹಿ ಹಾಕಬೇಕು. ಆದರೆ ಈ ಕಾರ್ಯಕ್ರಮ ಹೇಗೆ ನಿಗದಿಯಾಯಿತು ಎನ್ನುವುದು ನಿಮಗೆ ತಿಳಿದಂತಿಲ್ಲ. ಅದನ್ನೂ ಬರೆದುಬಿಡುತ್ತೇನೆ.

ಮಗಳು ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಒಂದು ಸಂಜೆ ಸೀದಾ ಕಚೇರಿಗೆ ಬಂದಳು. ಜೊತೆಗೆ ಅವಳು ಮದುವೆಯಾಗುವ ಹುಡುಗ, ಲಿಫ್ಟು ರಿಪೇರಿ ಮಾಡುವವನು. ಒಳ್ಳೆಯವನು. ನಾನು ಏನು ಕೇಳಿದರೂ ಮೊದಲು ಅವಳ ಮುಖ ನೋಡಿ ಆಮೇಲೆ ಉತ್ತರ ಕೊಡುತ್ತಾನೆ. ಇಬ್ಬರೂ ಗಿರಾಕಿಗಳ ಕುರ್ಚಿಯಲ್ಲಿ ಕೂತರು. ಮನೆಯಲ್ಲೇ ಮಾತಾಡಬಹುದಲ್ಲೇ ಎಂದರೆ ಕೇಳಲಿಲ್ಲ. ಎಲ್ಲರ ಹಾಗೆ ಬರೆದುಕೋ ಎಂದಳು. ಹೂವು, ಊಟ, ದೀಪ ಎಲ್ಲ ಆಯಿತು. ಮನರಂಜನೆಗೆ ಯಾರು ಎಂದು ಕೇಳಿದೆ.

"ಅಣ್ಣ" ಅಂದಳು.

ಒಬ್ಬಳೇ ಮಗಳಿಗೆ ಅಣ್ಣ ಎಲ್ಲಿಂದ ಬಂದ ಎಂದು ಲಿಫ್ಟಿನ ಹುಡುಗ ಗಾಬರಿಯಾದ. ನಾನೇ ವಿವರಿಸಬೇಕಾಯಿತು. ಗೊಂಬೆಯನ್ನು ನೀವು ಮಾಡಿಸಿದ್ದು ಅವಳು ಹುಟ್ಟುವ ಮೊದಲು, ಹಾಗಾಗಿ ವಯಸ್ಸಿನಲ್ಲಿ ಅದು ದೊಡ್ಡದು, ಅದಕ್ಕೇ ಅವಳಿಗೆ ಅದು ಅಣ್ಣ ಎಂದು. ಅವನು ಎಲ್ಲ ಕೇಳಿ ಗಂಭೀರವಾಗಿ ತಲೆಯಾಡಿಸಿ, "ಹಾಗಾದ್ರೆ ಅವರನ್ನ ಒಂದ್ಸಲ ಮಾತಾಡಿಸ್ಬೇಕು" ಅಂದ. ಇವನು ನಮ್ಮ ಮನೆಗೆ ಸರಿಹೋಗುತ್ತಾನೆ ಎಂದು ನನಗೆ ಅನ್ನಿಸಿದ್ದೇ ಆಗ.

ಅಪ್ಪನನ್ನು ಮದುವೆಗೆ ಕರೆಯುವುದಾದರೆ ಅಪ್ಪ ಎಂದೇ ಕರೆ, ಗೊಂಬೆಯ ನೆಪ ಯಾಕೆ ಎಂದು ಕೇಳಿದೆ. ಅದಕ್ಕೆ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ನಿಮಗೆ ಬೇಜಾರಾದರೆ ನಾನು ಹೊಣೆಯಲ್ಲ. "ಅಮ್ಮಾ, ಅಪ್ಪ ಮನೆಗೆ ಅಂದ್ರೆ ಬರಲ್ಲ. ನನ್ನ ಹುಟ್ಟಿದಬ್ಬಕ್ಕೆ ಬಂದಿಲ್ಲ, ಶಾಲೆ ನಾಟಕಕ್ಕೆ ಬಂದಿಲ್ಲ. ಆದ್ರೆ ಕಾರ್ಯಕ್ರಮ ಅಂತ ಒಪ್ಕೊಂಡ್ರೆ ಒಂದನ್ನೂ ತಪ್ಪಿಸಿಲ್ಲ. ಅದಕ್ಕೇ ನಾನು ಕರೀತಾ ಇಲ್ಲ, ಗೊತ್ತು ಮಾಡ್ತಾ ಇದ್ದೀನಿ."

ಮನರಂಜನೆಯ ಮುಂದೆ 'ಅಣ್ಣ' ಎಂದು ಬರೆದುಕೊಂಡೆ.

ಇನ್ನು ನಿಮ್ಮ ಬೇರೆ ಊರಿನ ಕಾರ್ಯಕ್ರಮದ ವಿಷಯ. ಮೈಕಿನವನಿಗೆ ಸುಳ್ಳು ಹೇಳಲು ಬರುವುದಿಲ್ಲ. ನೀವು ಅವನನ್ನು ಕಳಿಸಬಾರದಿತ್ತು. ಯಾವ ಊರು ಎಂದು ಕೇಳಿದೆ. ಅವರು ಊರಿನ ಹೆಸರು ಬರೆಯಲಿಲ್ಲ ಎಂದ. ಬರೆಯಲಿಲ್ಲವೇ? ನೀವು ಬರೆದು ತೋರಿಸುವ ಜಾತಿಯವರಲ್ಲ. ಮಾತಿಗೆ ನಿಂತರೆ ಎದುರಿನವರ ಪಾಲಿನದನ್ನೂ ನೀವೇ ಆಡಿ ಮುಗಿಸುವವರು. ಬಾಯಿ ಬಿಡು ಎಂದು ಗದರಿದೆ. ಅವನು ಮೂರನೆಯ ಲೋಟ ನೀರು ಕುಡಿದು ಎಲ್ಲ ಹೇಳಿದ. ಗಂಟಲಿನ ಆಪರೇಷನ್ನು, ಅದಾದ ಮೇಲೆ ದನಿ ಹೋದದ್ದು, ಕಿವಿ ಹತ್ತಿರ ತಂದರೂ ಬರೀ ಗಾಳಿ ಕೇಳುವುದು. ಅಂದಿನಿಂದ ನೀವು ಒಂದು ಕಾರ್ಯಕ್ರಮವನ್ನೂ ಒಪ್ಪಿಲ್ಲವಂತೆ. ಮಗಳ ಕರೆ ಬಂದಾಗ ಮಾತ್ರ ಇವನ ಕೈಯಲ್ಲಿ 'ಆಗಲಿ' ಎಂದು ಹೇಳಿಸಿದಿರಂತೆ. ಯಾಕೆ ಒಪ್ಪಿದರೋ ಅವರಿಗೇ ಗೊತ್ತಿಲ್ಲ ಎಂದ.

ಆಸ್ಪತ್ರೆಯಲ್ಲಿ ನಿಮ್ಮ ಪಕ್ಕ ಯಾರಿದ್ದರು ಎಂದು ನಾನು ಕೇಳಲಿಲ್ಲ. ಆದರೆ ಒಂದು ಮಾತು ತಿಳಿಸಬೇಕು. ನಮಗೆ ಹೇಳಿ ಕಳಿಸದಿದ್ದದ್ದಕ್ಕೆ ನನಗೆ ಸಿಟ್ಟು ಬಂದಿದೆ. ಈ ಸಿಟ್ಟಿಗೆ ನನಗೆ ಹಕ್ಕಿದೆಯೋ ಇಲ್ಲವೋ ಎಂಬುದನ್ನು ಆಮೇಲೆ ನೋಡೋಣ.

ನಿಮ್ಮ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಕೈಕೊಟ್ಟ ಅಪ್ಪ ಎನ್ನಿಸಿಕೊಳ್ಳುವುದು ನಿಮಗೆ ಅಭ್ಯಾಸವಾಗಿದೆ. ದನಿ ಹೋದ ಅಪ್ಪ ಎನ್ನಿಸಿಕೊಳ್ಳಲು ಮುಖವಿಲ್ಲ. ಮಗಳಿಗೆ ನಾನಿನ್ನೂ ಹೇಳಿಲ್ಲ. ನೀವು ಬರದಿದ್ದರೆ ಅವಳು ಅಳುವುದಿಲ್ಲ, ಅದು ನನಗೆ ಗೊತ್ತು. ಅವಳು ನನ್ನ ಮಗಳು. ಅಪ್ಪ ತಪ್ಪಿಸದೆ ಇದ್ದದ್ದು ಕಾರ್ಯಕ್ರಮ ಒಂದನ್ನೇ, ನನ್ನ ವಿಷಯದಲ್ಲಿ ಅದನ್ನೂ ತಪ್ಪಿಸಿದರು ಎಂದು ಲೆಕ್ಕ ಹಾಕಿಕೊಂಡು ಸುಮ್ಮನಾಗುತ್ತಾಳೆ. ಆ ಲೆಕ್ಕವನ್ನು ಆಮೇಲೆ ಯಾರು ಬಂದು ಅಳಿಸಿದರೂ ಹೋಗುವುದಿಲ್ಲ.

ಹಾಗಾಗಿ ಒಂದು ವ್ಯವಸ್ಥೆ ಯೋಚಿಸಿದ್ದೇನೆ. ತಾಳ್ಮೆಯಿಂದ ಓದಿ.

ವೇದಿಕೆಯ ನಡುವೆ ನಿಮ್ಮ ಎತ್ತರದ ಸ್ಟೂಲು. ಅದರ ಹಿಂದೆ ಕಪ್ಪು ಪರದೆ, ಅದು ಹೇಗೂ ಇದ್ದೇ ಇರುತ್ತದೆ. ನೀವು ಅಣ್ಣನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆನ್ನಿನೊಳಗೆ ಕೈ ಹಾಕಿ, ಎಂದಿನ ಹಾಗೆ ಅವನ ಬಾಯಿ ಆಡಿಸಬೇಕು. ಮಾತು ಪರದೆಯ ಹಿಂದಿನಿಂದ ಬರುತ್ತದೆ. ಮೈಕಿನವನು ಸ್ಪೀಕರನ್ನು ಸ್ಟೂಲಿನ ಕೆಳಗೇ ಇಡುತ್ತಾನೆ, ಕೂತವರಿಗೆ ದನಿ ನಿಮ್ಮ ಕಡೆಯಿಂದಲೇ ಕೇಳಿಸುತ್ತದೆ. ನೀವು ಬಾಯಿ ಬಿಡಬೇಕಾದ್ದೇ ಇಲ್ಲ. ಇಷ್ಟು ವರ್ಷ ಜನ ನಿಮ್ಮ ತುಟಿ ಅಲ್ಲಾಡುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರಲ್ಲ, ಈ ಸಲ ಬೇಕಾದರೆ ಭೂತಗನ್ನಡಿ ಹಿಡಿದು ನೋಡಲಿ. ನಿಮ್ಮ ಜೀವಮಾನದ ಅತ್ಯುತ್ತಮ ಪ್ರದರ್ಶನ ಎಂದು ಹೊಗಳಿ ಹೋಗುತ್ತಾರೆ.

ನಿಮ್ಮ ಪಾಲಿನ ಮಾತುಗಳ ಚಿಂತೆಯೂ ಬೇಡ. ಅಣ್ಣ ಮೊದಲೇ ಹೇಳಿಬಿಡುತ್ತಾನೆ, "ಇವರು ಇಷ್ಟು ವರ್ಷ ನನ್ನ ಬಾಯಲ್ಲಿ ಮಾತಾಡಿ ಮಾತಾಡಿ ಸುಸ್ತಾಗಿದ್ದಾರೆ, ಇವತ್ತು ಇವರಿಗೆ ರಜಾ" ಎಂದು. ನೀವು ಹುಬ್ಬು ಏರಿಸಿ, ತಲೆ ಅಲ್ಲಾಡಿಸಿದರೆ ಸಾಕು. ಹುಬ್ಬು ಏರಿಸುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ, ಅದನ್ನು ನಾನು ಊಟದ ಮೇಜಿನ ಎದುರಿನಿಂದ ಬೇಕಾದಷ್ಟು ನೋಡಿದ್ದೇನೆ.

ದನಿ ಯಾರದು ಎಂದು ಕೇಳುತ್ತೀರಿ. ನನ್ನದು. ನಗಬೇಡಿ. ನೀವು ಹೊಸ ಗೊಂಬೆ ತೆಗೆದುಕೊಂಡು ಹೊರಟಾಗ, ದವಡೆಯ ದಾರ ಕಿತ್ತುಹೋದ ಹಳೆಯ ಅಣ್ಣನನ್ನು ಮನೆಯಲ್ಲೇ ಬಿಟ್ಟಿರಿ. ಅಣ್ಣ ಮಾತಾಡದೆ ಮಗಳು ಊಟ ಮಾಡುತ್ತಿರಲಿಲ್ಲ. ತಟ್ಟೆ ಮುಂದಿಟ್ಟುಕೊಂಡು ಬಾಯಿ ಬಿಗಿದು ಕೂರುತ್ತಿದ್ದಳು. ಏನು ಮಾಡಲಿ? ಅವನನ್ನು ಅವಳ ಎದುರು ಕುರ್ಚಿಯಲ್ಲಿ ಕೂರಿಸಿ, ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಮಾತಾಡುತ್ತಿದ್ದೆ. ಎದುರು ನಿಂತು ಆಡಲು ನನ್ನ ತುಟಿ ಬಿಡುತ್ತಿರಲಿಲ್ಲ. ತುಟಿ ಕೂಡಿಸದೆ 'ಅಪ್ಪ' ಎನ್ನುವುದು ನನಗೆ ಕಡೆಗೂ ಬರಲಿಲ್ಲ, ನಿಮಗೆ ಅದು ಸಲೀಸು. ಆದರೆ ದನಿ ಮಾತ್ರ ಥೇಟ್ ಅಣ್ಣನದೇ. ಅವಳು ನಂಬಿದ್ದಳು ಎಂದುಕೊಂಡಿದ್ದೆ. ಮೊನ್ನೆ ಲಿಫ್ಟಿನ ಹುಡುಗನಿಗೆ, "ನಮ್ಮಣ್ಣ ಅಡುಗೆಮನೆಯಿಂದ ಮಾತಾಡ್ತಿದ್ದ, ಕೆಲವೊಮ್ಮೆ ಒಗ್ಗರಣೆ ಘಾಟಿಗೆ ಕೆಮ್ಮುತ್ತಿದ್ದ" ಎಂದು ಹೇಳಿ ಬಿದ್ದು ಬಿದ್ದು ನಗುತ್ತಿದ್ದಳು.

ಒಂದೇ ತೊಡಕು ಎಂದರೆ ನನ್ನ ಮಾತಿಗೂ ನಿಮ್ಮ ಕೈಗೂ ತಾಳ ಕೂಡಬೇಕು. ನಾನು ಮಾತು ಶುರು ಮಾಡುವುದು ನಿಮಗೆ ಮುಂಚೆಯೇ ಗೊತ್ತಾಗಬೇಕು. ಅದಕ್ಕೆ ಸನ್ನೆ, ಗಂಟೆ ಏನೂ ಬೇಡ. ಮಾತಿಗೆ ಮೊದಲು ನಾನು ಒಂದು ಉಸಿರು ಎಳೆದುಕೊಳ್ಳುತ್ತೇನಲ್ಲ, ಅದು ನಿಮಗೆ ಚೆನ್ನಾಗಿ ಗೊತ್ತು. ಜಗಳಗಳಲ್ಲಿ ಆ ಉಸಿರು ಕೇಳಿದ್ದೇ ತಡ, ನೀವು ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಡುತ್ತಿದ್ದಿರಿ. ಪರದೆಯ ಹಿಂದಿನಿಂದ ಅದೇ ಉಸಿರು ಕೇಳುತ್ತದೆ. ಈ ಸಲ ಏಳಬೇಡಿ. ಅಣ್ಣನ ಬಾಯಿ ತೆರೆಯಿರಿ.

ಮೈಕು ನನ್ನ ಕೈಯಲ್ಲಿರುತ್ತದೆ, ಊರವರ ಮುಂದೆ ಇವಳು ಏನೇನು ಹೇಳಿಬಿಡುತ್ತಾಳೋ ಎಂಬ ಅಳುಕು ನಿಮಗಿರಬಹುದು. ಇರಲಿ, ಸ್ವಲ್ಪ ಅಳುಕಿರುವುದು ಒಳ್ಳೆಯದೇ. ಆದರೆ ಹಳೆಯದನ್ನು ಕೆದಕಲು ಮಗಳ ಮದುವೆಯೇ ಬೇಕಾಗಿಲ್ಲ. ಅಣ್ಣ ತಂಗಿಗೆ ಹೇಳಬೇಕಾದ್ದನ್ನು ನೀವೇ ಬರೆದುಕೊಡಿ. ಅದನ್ನೇ ಓದುತ್ತೇನೆ. ಒಂದೆರಡು ಕಡೆ ನಿಮ್ಮ ಕಿವಿ ಹಿಂಡುವುದಂತೂ ಸೈ. ಅಷ್ಟಿಲ್ಲದಿದ್ದರೆ ಅದು ಅಣ್ಣನ ಮಾತು ಎಂದು ಯಾರೂ ನಂಬುವುದಿಲ್ಲ.

ಶನಿವಾರ ಸಂಜೆ ಮದುವೆಯ ಛತ್ರ ಖಾಲಿ ಇರುತ್ತದೆ. ಕೀಲಿ ವಾಚ್‌ಮನ್ ಹತ್ತಿರ ಇದೆ. ವೇದಿಕೆಯ ಮೇಲೆ ಸ್ಟೂಲು, ಪರದೆ ಹಾಕಿಸಿರುತ್ತೇನೆ. ದವಡೆಗೆ ಹೊಸ ದಾರ ಹಾಕಿಸಿದ ಅಣ್ಣನನ್ನೂ ತಂದಿರುತ್ತೇನೆ. ನಾನು ಮೊದಲೇ ಬಂದು ಹಿಂದೆ ಕೂತಿರುತ್ತೇನೆ, ನೀವು ನೇರವಾಗಿ ಬಂದು ಮುಂದೆ ಕೂರಬಹುದು. ಮುಖ ನೋಡಲೇಬೇಕೆಂದೇನಿಲ್ಲ. ಅಭ್ಯಾಸ ಮುಗಿದ ಮೇಲೆ ಪರದೆ ಸರಿಸುವುದು ಬಿಡುವುದು ನಿಮ್ಮ ಇಷ್ಟ.

ಇಷ್ಟರ ಮೇಲೂ ಬರಲಾಗದಿದ್ದರೆ ಹೇಳಿ ಕಳಿಸುವ ತೊಂದರೆ ಬೇಡ. ಮೇಲೆ ಬರೆದ ಹಾಗೆ ಚೆಂಡಿನವನು ಇದ್ದೇ ಇರುತ್ತಾನೆ. ಗಂಟಲು ಹೀಗಿರುವಾಗ ತಣ್ಣೀರು ಕುಡಿಯಬೇಡಿ.

ಇಂತಿ,
ಮದುವೆ ವ್ಯವಸ್ಥೆಯ ಪರವಾಗಿ,
ನಿಮ್ಮ ಮಗಳ ಅಮ್ಮ

ಮತ್ತೊಂದು ಮಾತು: ಲಕೋಟೆಗೆ ಹಾಕಿದ ಮೇಲೆ ಮತ್ತೆ ಹೊರಗೆ ತೆಗೆದು ಇದನ್ನು ಬರೆಯುತ್ತಿದ್ದೇನೆ. ಚೆಂಡಿನವನ ವಿಷಯ ಸುಳ್ಳು. ಭಾನುವಾರ ಅವನು ಬೇರೆ ಮದುವೆಯಲ್ಲಿ ಇರುತ್ತಾನೆ, ಅಲ್ಲಿಗೆ ಕಳಿಸಿದವಳು ನಾನೇ. ಎಲ್ಲ ಗಿರಾಕಿಗಳನ್ನೂ ಕೇಳುವ ಹಾಗೆ ಮಗಳನ್ನೂ ಕೇಳಿದ್ದೆ, ಬರದಿದ್ದರೆ ಬದಲಿಗೆ ಯಾರು ಎಂದು. "ಅಣ್ಣನಿಗೆ ಬದಲಿ ಯಾರಮ್ಮಾ ಇದ್ದಾರೆ?" ಅಂದಳು. ಅವಳು ಕೇಳಿದ್ದು ಅಣ್ಣನ ವಿಷಯವೇ ಎಂದು ಇಟ್ಟುಕೊಳ್ಳೋಣ. ಕೊನೆಯ ಸಾಲಿನ ಕೊನೆಯ ಕುರ್ಚಿ ಅಂದು ಖಾಲಿ. ನೀವು ಬರದಿದ್ದರೆ, ದೀಪ ಹತ್ತಿದಾಗ ಎಲ್ಲರಿಗೂ ಕಾಣುವುದು ಬರೀ ಸ್ಟೂಲು. ಅದರ ಹಿಂದೆ, ಪರದೆಯ ಆ ಕಡೆ, ಮೈಕು ಹಿಡಿದುಕೊಂಡು ನಾನಿರುತ್ತೇನೆ.