ಬಿದ್ದು ಮುರಿದ ಕೈ

ಅಣ್ಣಾ ನಗರ್, ಚೆನ್ನೈ
೧೫ ಜುಲೈ ೨೦೨೪

ಪ್ರೀತಿಯ ಅಮ್ಮನಿಗೆ,

ನಿನ್ನ ಪ್ರಣಮ್ಯಾಳ ನಮಸ್ಕಾರಗಳು. ಮನೆಗೆ ಫೋನ್ ಮಾಡಿದರೆ ಅಪ್ಪ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ. ಅದಕ್ಕೇ ಈ ಕಾಗದವನ್ನು ನಿನ್ನ ಅಂಗನವಾಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಮಕ್ಕಳು ಮಲಗಿದ ಮೇಲೆ ಓದು.

ಮೊನ್ನೆ ಫೋನಿನಲ್ಲಿ ನೀನು ಬೈದದ್ದು ಇನ್ನೂ ಕಿವಿಯಲ್ಲೇ ಇದೆ. ಕಟ್ಟಿಕೊಂಡ ಗಂಡ ಹೋಟೆಲಿನ ಅಡುಗೆಮನೆಯಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡು ಕೂತಿದ್ದಾನೆ, ನೀನು ಊರವರ ಗಾಯಕ್ಕೆ ಪಟ್ಟಿ ಕಟ್ಟಲು ಕಲಿಯುತ್ತೀಯಾ, ಕಾಲೇಜು ಬಿಟ್ಟು ಎಗ್ಮೋರಿಗೆ, ಗಂಡನ ಮನೆಗೆ ಹೋಗು, ಇಲ್ಲದಿದ್ದರೆ ನಮ್ಮ ಮೆಟ್ಟಿಲು ಹತ್ತಬೇಡ ಎಂದೆ. ಹಿಂದಿನಿಂದ ಅಪ್ಪ ಹೇಳಿಕೊಡುತ್ತಿದ್ದದ್ದೂ ಕೇಳಿಸಿತು. ನಾನು ಹೋಗುವುದಿಲ್ಲ. ಯಾಕೆಂದು ಬರೆಯುತ್ತೇನೆ. ಗಂಡನಾದರೂ ಚರಣ್‌ನನ್ನು ಅವರು ಇವರು ಎಂದು ಬರೆಯಲು ಕೈ ಬರುವುದಿಲ್ಲ, ಅದಕ್ಕೂ ಬೈದುಬಿಡು.

ಅವನ ಹೋಟೆಲನ್ನು ನೀನು ಎದುರಿನಿಂದ ಮಾತ್ರ ನೋಡಿದ್ದೀಯ. ಹಿಂದೆ ಅಡುಗೆಮನೆ, ಅದಕ್ಕೆ ಅಂಟಿಕೊಂಡು ನಮ್ಮ ಕೋಣೆ. ಅವನು ನನ್ನ ಮೇಲೆ ಕೈ ಎತ್ತಿದನೆಂದರೆ ಅಡುಗೆಯ ಪಂಢರಿನಾಥಣ್ಣ ದೊಡ್ಡ ಗ್ರೈಂಡರಿನ ಸ್ವಿಚ್ ಹಾಕುತ್ತಿದ್ದರು, ಅದರಲ್ಲಿ ಅಕ್ಕಿ ಇರಲಿ, ಇಲ್ಲದಿರಲಿ. ಅದು ನನ್ನ ಅತ್ತೆಯ ಅಪ್ಪಣೆ. ಊಟಕ್ಕೆ ಕೂತವರಿಗೆ ನನ್ನ ಕೂಗು ಕೇಳಬಾರದಲ್ಲ. ಒಮ್ಮೆ ತಲೆಯನ್ನು ಗೋಡೆಗೆ ಬಡಿದ, ಕಿವಿಯಿಂದ ರಕ್ತ ಬಂತು. ಆಮೇಲೆ ನಾನು ಕೂಗುವುದನ್ನೇ ಬಿಟ್ಟೆ.

ಕಮ್ಯುನಿಟಿ ಕಾಲೇಜಿನ ಮೆಡಿಕಲ್ ಅಸಿಸ್ಟೆಂಟ್ ತರಬೇತಿಗೆ ಸೇರಿಸಿದ್ದು ಅವನೇ. ಅತ್ತೆಯ ಬಿ.ಪಿ., ಶುಗರ್ ಮನೆಯಲ್ಲೇ ನೋಡಿದ ಹಾಗಾಯಿತು ಎಂಬ ಲೆಕ್ಕಾಚಾರ. ಅಲ್ಲಿ ರಕ್ತ ತೆಗೆಯುವುದನ್ನು ಕಲಿಯಲು ನಾವು ಒಬ್ಬರ ತೋಳಿಗೆ ಒಬ್ಬರು ಸೂಜಿ ಚುಚ್ಚಬೇಕು. ನನ್ನ ಜೋಡಿ ವೀಕ್ಷಾ. ನನ್ನ ಯೂನಿಫಾರ್ಮಿನ ತೋಳು ಮಡಚಿದವಳು ಸೂಜಿ ಕೆಳಗಿಟ್ಟಳು. ಪೆಟ್ಟಿನಿಂದ ಕಂದಿಹೋಗದ ಜಾಗವೇ ಇರಲಿಲ್ಲ. ಟೀಚರ್ ಬಂದು ನೋಡಿ, ಬಿದ್ದೆಯೋ ಹೊಡೆದನೋ ಎಂದು ತಮಿಳಿನಲ್ಲಿ ಕೇಳಿದರು: "ವಿಳುಂದಿಯಾ, ಅಡಿಚ್ಚಾನಾ?" ಬಿದ್ದೆ ಎಂದೆ. ಅವರು ಇನ್ನೊಂದು ತೋಳಿನಲ್ಲಿ ನರ ಹುಡುಕಿಕೊಟ್ಟರು.

ಆ ಸಂಜೆ ಚರಣ್ ನನ್ನ ತೋಳಿನ ಮೇಲಿದ್ದ ಹತ್ತಿ ನೋಡಿದ. ಈ ಕೈ ಹಿಡಿದವರು ಯಾರು, ತರಗತಿಯಲ್ಲಿ ಗಂಡಸರೂ ಇದ್ದಾರಾ ಎಂದ. ಇದ್ದಾರೆ ಎಂದೆ. ಕುದಿಯುತ್ತಿದ್ದ ಸಾಂಬಾರನ್ನು ಮೊಗೆದು ನನ್ನ ಎದೆಗೆ ಎರಚಿದ. ತಣ್ಣೀರು ಬಿಡಬೇಕೆಂದು ಕಲಿತಿದ್ದೆ, ನಲ್ಲಿಗೆ ಓಡಿದೆ. ಅತ್ತೆ ಅಡ್ಡಗಟ್ಟಿ ಹಿಡಿದು, "ಹಿಟ್ಟ್ ಹಚ್ರೆ ಗುಳ್ಳೆ ಏಳುದಿಲ್ಲೆ, ಸುಮ್ನೆ ನಿಲ್ಲ್" ಎನ್ನುತ್ತ ದೋಸೆ ಹಿಟ್ಟು ಮೆತ್ತಿದರು. ಹೋಟೆಲಿನವರ ಹಳೆಯ ಮದ್ದು ಅದು, ಪಾಪ, ಅವರು ಒಳ್ಳೆಯದಕ್ಕೇ ಮಾಡಿದ್ದು. ಹಿಟ್ಟು ಒಣಗಿ ಬಿಗಿಯಿತು. ಮರುದಿನ ವೀಕ್ಷಾ ತನ್ನ ಕೋಣೆಯಲ್ಲಿ ನೆನೆಸಿ ತೆಗೆಯುವಾಗ ಹಿಟ್ಟಿನ ಜೊತೆ ಚರ್ಮವೂ ಎದ್ದು ಬಂತು. ಪಟ್ಟಿ ಕಟ್ಟುತ್ತ ಅವಳೇ ಅತ್ತಳು.

ಮನೆಗೆ ಬಂದರೆ ನನ್ನ ಯೂನಿಫಾರ್ಮ್ ಒಲೆಯಲ್ಲಿ ಉರಿಯುತ್ತಿತ್ತು. ಇವತ್ತಿಗೆ ನಿನ್ನ ಕಾಲೇಜು ಮುಗಿಯಿತು ಎಂದು ಚರಣ್ ಪಟ್ಟಿ ಕಟ್ಟಿದಲ್ಲಿಗೇ ಗುದ್ದಿದ. ಕಣ್ಣು ಕತ್ತಲೆ ಬಂತು. ಪಂಢರಿನಾಥಣ್ಣ ಗ್ರೈಂಡರ್ ಹಾಕಿದರು. ಕೈಗೆ ಸಿಕ್ಕಿದ್ದು ಸಾಂಬಾರಿನ ಕಬ್ಬಿಣದ ಸೌಟು. ಅವನ ತಲೆಗೇ ಬೀಸಿದೆ ಅಮ್ಮ. ಅವನು ಕೈ ಅಡ್ಡ ಹಿಡಿದ. ಮುಂಗೈ ನಡುವೆ ಬಾಗಿದ್ದು ಕಂಡಿತು. ಕೂಗಿಕೊಂಡ. ಊಟಕ್ಕೆ ಕೂತವರಿಗೆ ಆ ಕೂಗೂ ಕೇಳಿಸಲಿಲ್ಲ. ಕೆಳಗೆ ಕುಸಿದವನ ಬೆನ್ನಿಗೆ ಇನ್ನೊಂದು ಹಾಕಿದೆ. ಅದರ ಅಗತ್ಯವಿರಲಿಲ್ಲ, ಆದರೂ ಹಾಕಿದೆ. ನನಗೆ ಅಯ್ಯೋ ಅನ್ನಿಸಲಿಲ್ಲ.

ಆಮೇಲೆ ಅದೇ ಕೈಗೆ ಪಾಠದಲ್ಲಿ ಹೇಳಿದ ಹಾಗೆ ಎಣ್ಣೆ ಪೆಟ್ಟಿಗೆಯ ರಟ್ಟನ್ನು ಆಸರೆ ಕೊಟ್ಟು, ಮೈ ಒರೆಸುವ ಬೈರಾಸು ಕಟ್ಟಿ, ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದವಳೂ ನಾನೇ. ಹೆಂಡತಿಯ ಕೈಯಲ್ಲಿ ಪೆಟ್ಟು ತಿಂದೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಜಾರಿ ಬಿದ್ದೆ ಎಂದ. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬಿದ್ದವರು ಅಂಗೈ ಊರುತ್ತಾರೆ, ಮಣಿಕಟ್ಟು ಮುರಿಯುತ್ತದೆ, ಹೀಗೆ ಮುಂಗೈಯ ನಟ್ಟನಡುವೆ, ಕಿರುಬೆರಳಿನ ಕಡೆಯ ಎಲುಬು ಒಂದೇ ಮುರಿಯುವುದು ಪೆಟ್ಟು ತಡೆಯಲು ಕೈ ಎತ್ತಿದವರಿಗೆ ಎಂದರು. ಚರಣ್ ತಲೆ ತಗ್ಗಿಸಿದ. ನಾನು ಅಲ್ಲಿಂದ ಸೀದಾ ವೀಕ್ಷಾಳ ಬಾಡಿಗೆ ಕೋಣೆಗೆ ಬಂದೆ. ಅವಳ ಹಳೆಯ ಯೂನಿಫಾರ್ಮಿನಲ್ಲೇ ತರಗತಿಗೆ ಹೋಗುತ್ತಿದ್ದೇನೆ.

ಮೆಟ್ಟಿಲು ಹತ್ತಬೇಡ ಎಂದರೆ ಹತ್ತುವುದಿಲ್ಲ. ಊಟ ಬಿಟ್ಟು ಅಳುತ್ತ ಕೂರಬೇಡ.

ನಿನ್ನ ಮಗಳು,
ಪ್ರಣಮ್ಯಾ

ಮರೆತ ಮಾತು: ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನೀನು ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಕೈ ಮುರಿದುಕೊಂಡೆಯಲ್ಲ, ಆ ಎಲುಬು ಕೂಡಿದಲ್ಲಿ ಉಳಿದ ಗಂಟನ್ನು ಸವರುತ್ತಲೇ ನಾನು ನಿದ್ದೆ ಹೋಗುತ್ತಿದ್ದೆ. ಎಡ ಮುಂಗೈಯ ನಟ್ಟನಡುವೆ, ಕಿರುಬೆರಳಿನ ಕಡೆಗೆ. ನಿನ್ನ ಮಣಿಕಟ್ಟಿಗೆ ಏನೂ ಆಗಿರಲಿಲ್ಲ ಅಮ್ಮ. ಈ ಕೋಣೆಯಲ್ಲಿ ಇನ್ನೊಂದು ಚಾಪೆಗೆ ಜಾಗವಿದೆ. ಅಪ್ಪನಿಗೆ ಹೇಳದೆ ಹೊರಟು ಬಾ.