ನಂಬರಿಲ್ಲದ ಬಾಗಿಲ ನಾಯಿ

ಮಾನ್ಯ ಆರೋಗ್ಯಾಧಿಕಾರಿಗಳೇ,

ತಮ್ಮ ಕಚೇರಿಯ ಡಂಗುರದವನು ನೆನ್ನೆ ನಮ್ಮ ಬೀದಿಯಲ್ಲಿ ಮತ್ತೆ ಸಾರಿಕೊಂಡು ಹೋದ. ಬರುವ ಅಮಾವಾಸ್ಯೆ ಕಳೆದ ಮಾರನೆಯ ದಿನ, ಕತ್ತಿನಲ್ಲಿ ಬಿಲ್ಲೆ ಇಲ್ಲದ ನಾಯಿಗಳನ್ನೆಲ್ಲ ಇನ್ನೊಂದು ಸುತ್ತು ಕೊಲ್ಲಲಾಗುವುದಂತೆ. ತಮ್ಮ ನಿಯಮದಂತೆ ಆ ಸುತ್ತಿನಲ್ಲಿ ಸಾಯಬೇಕಾದ ಒಂದು ಮರಿಯ ಪರವಾಗಿ ಈ ಪತ್ರ. ಅದನ್ನು ಸಾಕಿದವಳು ಮೂಗಮ್ಮ. ಬಿಲ್ಲೆಗೆ ದುಡ್ಡು ಕೊಡಲು ಅವಳು ಸಿದ್ಧಳಿದ್ದಾಳೆ, ತೆಗೆದುಕೊಳ್ಳಲು ತಾವು ಸಿದ್ಧರಿಲ್ಲ. ಏಕೆಂದರೆ ಅವಳ ಮನೆಗೆ ನಂಬರಿಲ್ಲ. ನಂಬರು ಏಕಿಲ್ಲ? ತಾವು ಕೊಟ್ಟಿಲ್ಲ. ಹೋದ ಸುತ್ತಿನಲ್ಲಿ ಇದೇ ಕಾರಣಕ್ಕೆ ಈ ಮರಿಯ ತಾಯಿಯನ್ನು ತಮ್ಮ ಆಳುಗಳು ಕೊಂದರು. ಇಷ್ಟೇ ವಿಷಯ. ಉಳಿದದ್ದನ್ನು ಓದುವಷ್ಟು ಬಿಡುವಿಲ್ಲದಿದ್ದರೆ ನೇರವಾಗಿ ಕೊನೆಗೆ ಹೋಗಿ, ಅಲ್ಲಿ ತಮಗೊಂದು ಸಮಾಚಾರವಿದೆ.

ಊರಿನ ಹೆಸರನ್ನು ಬರೆಯುವುದಿಲ್ಲ. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ, ಬಸ್ಸು ನಿಂತು ರೇಡಿಯೇಟರಿಗೆ ನೀರು ಕುಡಿಸುವ ಊರು ಎಂದರೆ ತಮಗೆ ಸಾಕು. ನಾನು ಪೇಟೆ ಬೀದಿಯ ಅರಿಶಿನದ ವ್ಯಾಪಾರಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತದ ಮಂದಿ ನಾವು. ಇಂಥ ಮನೆಗೆ ಎರಡು ವರ್ಷದ ಹಿಂದೆ ಸಂತೆಮರಹಳ್ಳಿ ಸಂತೆಯಿಂದ ಮೂಟೆಗಳ ಜೊತೆ ಗಾಡಿಯಲ್ಲಿ ಒಂದು ನಾಯಿಮರಿ ಬಂತು. ಅದಾಗಿ ಅದೇ ಹತ್ತಿ ಕೂತಿತ್ತು. ಬರೀ ಮೂಳೆ, ಮೇಲೊಂದಿಷ್ಟು ಚರ್ಮ. ನನ್ನ ಹೆಂಡತಿ ಮಂಗಳಗೌರಿ ನೋಡಿದವಳೇ, ಶಿವನ ಗಣಗಳಲ್ಲಿ ಇಷ್ಟು ಒಣಗಿದವನು ಒಬ್ಬನೇ ಎಂದು ನಕ್ಕು ಭೃಂಗಿ ಎಂದು ಹೆಸರಿಟ್ಟಳು. ಭೃಂಗಿ ನಮ್ಮಂತೆಯೇ ರಾಗಿಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಉಂಡು ಬೆಳೆದ. ಬೆಳೆದ ಎನ್ನುವುದು ಮರ್ಯಾದೆಯ ಮಾತು. ಕಾಲುಗಳು ಸೊಟ್ಟಗಾದವು, ಕೂದಲು ಉದುರಿತು, ಕತ್ತಲಾದರೆ ಕಂಬಕ್ಕೆ ಮುಖ ಗುದ್ದಿಕೊಂಡು ನಿಲ್ಲುತ್ತಿದ್ದ.

ಅವನನ್ನು ಚಾಮರಾಜನಗರಕ್ಕೆ ಒಯ್ದು ಜಾನುವಾರು ಡಾಕ್ಟರಿಗೆ ತೋರಿಸಿದೆ. ಬಸ್ಸಿನ ಕಂಡಕ್ಟರು ಕುರಿಗಾದರೆ ಟಿಕೀಟು ಕೊಡುತ್ತಿದ್ದೆ, ನಾಯಿಗೆ ಕೊಟ್ಟರೆ ಕೆಲಸ ಹೋಗುತ್ತದೆ ಎಂದದ್ದರಿಂದ ಭೃಂಗಿ ಅರಿಶಿನದ ಚೀಲದೊಳಗೆ ಕೂತು ಮೂಗು ಮಾತ್ರ ಹೊರಗಿಟ್ಟು ಪ್ರಯಾಣ ಮಾಡಿದ. ಇಳಿದಾಗ ಹಳದಿ ನಾಯಿ. ಡಾಕ್ಟರು ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, "ಇದಕ್ಕೆ ಏನು ಹಾಕ್ತೀರಿ?" ಎಂದರು. ಹೇಳಿದೆ. ಅವರು ನನ್ನ ಹಣೆ ನೋಡಿದರು, ನಾಯಿಯನ್ನು ನೋಡಿದರು. "ಹೀಗೇ ಬಿಟ್ರೆ ಕಣ್ಣು ಹೋಗುತ್ತೆ. ಮೀನೆಣ್ಣೆ ಶೀಸೆ ಮೈಸೂರಿನಿಂದ ತರಿಸಿ. ಅದು ದುಬಾರಿ ಆಗುತ್ತೆ ಅನ್ನೋದಾದ್ರೆ ಮೇಕೆ ಈಲಿ ತಿನ್ನಿಸಿ, ಅಗ್ಗ, ಗುಣವೂ ಜಾಸ್ತಿ" ಎಂದರು. ಈಲಿ ಎಂದರೆ ಯಕೃತ್ತು, ತಾವು ಓದಿದವರು, ಬಲ್ಲಿರಿ. ಒಂದು ಶೀಸೆ ತರಿಸಿ ನೋಡಿದೆ. ಅದರ ಬೆಲೆಗೆ ನಮ್ಮ ಮನೆಗೆ ವಾರದ ದಿನಸಿ ಬರುತ್ತಿತ್ತು. ಎರಡನೆಯದನ್ನು ತರಿಸುವ ಶಕ್ತಿ ನನಗಿರಲಿಲ್ಲ. ಕಸಾಯಿ ಅಂಗಡಿಯ ಮುಂದೆ ನಿಲ್ಲುವ ಧೈರ್ಯ ಅದಕ್ಕಿಂತಲೂ ಕಡಮೆ ಇತ್ತು.

ಮೂಗಮ್ಮ ನಮ್ಮ ಕಣದಲ್ಲಿ ಅರಿಶಿನ ಬೇಯಿಸಿ ಒಣಗಿಸುವ ಕೆಲಸದವಳು. ಗಂಡ ರಾಚಯ್ಯ ಗಾಡಿ ಹೊಡೆಯುತ್ತಾನೆ. ಪೇಟೆ ಬೀದಿಯ ಹಿಂದೆ ಹಳ್ಳ ದಾಟಿದರೆ ಅವರ ಕೇರಿ. ನಾನು ತಲೆ ಕೆರೆದುಕೊಳ್ಳುತ್ತ ವಿಷಯ ಹೇಳಿದಾಗ ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟು ನಕ್ಕಳು. "ನಾಯ್ಗೂ ಇಬೂತಿ ಬಳ್ದು ಬೆಳಸ್ಬುಟ್ರಲ್ಲ ಬುದ್ದಿ! ಕಳ್ಸಿ ಅತ್ಲಾಗಿ. ನಮ್ ಕೆಂಚಿ ಜೊತ್ಗ ನಿಮ್ದೂ ಒಂದು ತಿಂತದ." ಕೆಂಚಿ ಅವಳು ಸಾಕಿದ ಕೆಂದು ಬಣ್ಣದ ಹೆಣ್ಣುನಾಯಿ. ನಾನು ಕಾಸು ಕೊಡುವುದು, ಅವಳು ಈಲಿ ತಂದು ಬೇಯಿಸುವುದು, ಅರ್ಧ ಭೃಂಗಿಗೆ, ಅರ್ಧ ಕೆಂಚಿಗೆ. ಮಧ್ಯಾಹ್ನವಾದರೆ ಭೃಂಗಿ ಯಾರೂ ಕರೆಯದೆ ಹಳ್ಳ ದಾಟಿ ಹೋಗುತ್ತಿದ್ದ. ಒಂದು ಮಳೆಗಾಲ ಕಳೆಯುವುದರೊಳಗೆ ಕಣ್ಣು ತಿಳಿಯಾಯಿತು, ಮೈಮೇಲೆ ಹೊಳೆಯುವ ಕೂದಲು ಬಂತು. ಇವನನ್ನು ಇನ್ನು ಭೃಂಗಿ ಎಂದು ಕರೆಯುವುದು ಸುಳ್ಳಾಯಿತಲ್ಲ ಎಂದು ಹೆಂಡತಿ ಹಾಸ್ಯ ಮಾಡಿದಳು.

ನಮ್ಮ ಬೀದಿ ಸುಮ್ಮನಿರುತ್ತದೆಯೇ? ಎದುರುಮನೆಯ ಶಿವಮಲ್ಲಪ್ಪ ಜಗಲಿಯಿಂದಲೇ ಕೇಳಿದ. "ಏನ್ಲಾ ಗುರುಪಾದ, ನಿನ್ ನಾಯಿ ದಿನಾ ಆಚೆ ಕೇರಿಗೆ ಉಣ್ಣಾಕೋಯ್ತದಂತಲ್ಲ? ಬಂದ್ಮೇಲೆ ಒಳೀಕೆ ಬುಟ್ಕತ್ತೀಯಾ?"

"ಬುಟ್ಕತ್ತೀನಿ ಕಣಣ್ಣ. ಬಾಲ ಅಲ್ಲಾಡ್ಸ್ಕಂಡು ಬಂದು ಸುಮ್ಕ ಮನೀಕತ್ತದ. ನಿನ್ನಂಗೆ ಪ್ರಶ್ನೆ ಕೇಳಕಿಲ್ಲ."

ಆಮೇಲೆ ಹುಚ್ಚುನಾಯಿ ಬಂತು. ಅದು ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಬಟ್ಟೆ ಅಂಗಡಿಯ ಮರಿಮಲ್ಲಪ್ಪನ ಮೀನಖಂಡಕ್ಕೆ ಬಾಯಿ ಹಾಕಿತು. ಅವನನ್ನು ಬಸ್ಸು ಹತ್ತಿಸಿ ಘಟ್ಟದ ಮೇಲೆ ಕೂನೂರಿನ ಆಸ್ಪತ್ರೆಗೆ ಕಳಿಸಿ ಹೊಟ್ಟೆಗೆ ಸೂಜಿ ಹಾಕಿಸಿದರು, ಬದುಕಿದ. ಊರು ಹೆದರಿದ್ದು ನಿಜ, ನಾನೂ ಹೆದರಿದೆ. ಆಗ ತಾವು ಏನಾದರೂ ಮಾಡಲೇಬೇಕಿತ್ತು, ಅದನ್ನು ಅಲ್ಲಗಳೆಯುವಷ್ಟು ಮೂಢ ನಾನಲ್ಲ. ಆದರೆ ತಾವು ಮಾಡಿದ್ದೇನು? ನಾಯಿ ಕಂದಾಯ ಹಾಕಿದಿರಿ. ಕಂದಾಯ ಕಟ್ಟಿದವರಿಗೆ ಹಿತ್ತಾಳೆ ಬಿಲ್ಲೆ, ಕಟ್ಟದವರ ನಾಯಿಗೆ ಸಾವು. ಆ ಕಂದಾಯದ ದುಡ್ಡಿನಲ್ಲಿ ಒಂದೇ ಒಂದು ನಾಯಿಗೆ ಸೂಜಿ ಹಾಕಿಸಿದಿರಾ? ಡಾಕ್ಟರನ್ನು ಒಂದು ದಿನದ ಮಟ್ಟಿಗಾದರೂ ಊರಿಗೆ ಕರೆಸಿದಿರಾ? ಕಚ್ಚುವ ಮೊದಲು ಹುಚ್ಚುನಾಯಿ ನಮ್ಮ ನಾಯಿಯ ಬಿಲ್ಲೆ ನೋಡಿ ದೂರ ಸರಿಯುತ್ತದೆ ಎಂದು ತಮ್ಮ ವೈದ್ಯಶಾಸ್ತ್ರದಲ್ಲಿ ಎಲ್ಲಿಯಾದರೂ ಹೇಳಿದೆಯೇ? ನಾಯಿ ಸಾಕಿದವರು ಎಣ್ಣೆ, ಔಷಧಿ, ಬಸ್ಸು ಎಂದು ಕೈಯಿಂದ ಹಾಕಿ ಸೋತಿದ್ದೆವು. ಅದರ ಮೇಲೆ ತಮ್ಮದೂ ಒಂದನ್ನು ಹೇರಿದಿರಿ, ಆದರೂ ಕಟ್ಟಿದೆವು.

ಮೂಗಮ್ಮನೂ ಕಟ್ಟಲು ಬಂದಳು, ಸ್ವಾಮಿ. ಸೆರಗಿನ ತುದಿಗೆ ರೂಪಾಯಿ ಗಂಟು ಹಾಕಿಕೊಂಡು ತಮ್ಮ ಕಚೇರಿಯ ಮೆಟ್ಟಿಲ ಕೆಳಗೆ ಬೆಳಗಿನಿಂದ ನಿಂತಿದ್ದಳು. ಸಾಯಂಕಾಲ ನಮ್ಮ ಹಿತ್ತಲಿಗೆ ಬಂದು ಹೇಳಿದಳು. "‘ಡೋರ್ ನಂಬ್ರ ಏಳಮ್ಮ’ ಅಂದ್ರು ಬುದ್ದಿ. ಬೇವಿನ ಮರದಿಂದ ಮೂರ್ನೇ ಗುಡ್ಲು ಅಂದೆ. ಎಲ್ರೂ ನಗಾಡ್ಬುಟ್ರು. ನಂಬ್ರ ಇಲ್ದೋರ್ಗ ಬಿಲ್ಲೆ ಇಲ್ವಂತ." ನಾನೇ ಹೋದೆ. ಕೆಂಚಿಯನ್ನು ನನ್ನ ಹೆಸರಿಗೆ ಬರೆದುಕೊಳ್ಳಿ ಎಂದೆ. ಒಂದು ನಂಬರಿಗೆ ಒಂದೇ ಬಿಲ್ಲೆ ಎಂದು ತಮ್ಮ ಗುಮಾಸ್ತರು ನಿಯಮ ಓದಿದರು. ಹಾಗಾದರೆ ಆ ಕೇರಿಗೆ ನಂಬರು ಯಾವಾಗ ಎಂದೆ. ಅದು ಬೇರೆ ಸೆಕ್ಷನ್ನಂತೆ.

ತಾವು ಗೊತ್ತುಮಾಡಿದ ದಿನ ಮೂಗಮ್ಮ ಕೆಲಸಕ್ಕೆ ಬರಲಿಲ್ಲ. ಬೀದಿಯಲ್ಲಿ ಅಲೆಯುವ ನಾಯಿಯನ್ನು ತಾನೇ ಹಿಡಿಯುವುದು, ಕಟ್ಟಿದ ನಾಯಿಯನ್ನು ಯಾರು ಮುಟ್ಟುತ್ತಾರೆ ಎಂದುಕೊಂಡು ಕೆಂಚಿಯನ್ನು ಬಾಗಿಲ ಗೂಟಕ್ಕೆ ಬಿಗಿಯಾಗಿ ಕಟ್ಟಿ ಪಕ್ಕದಲ್ಲೇ ಕೂತಳು. ಮಧ್ಯಾಹ್ನದ ಹೊತ್ತು. ಭೃಂಗಿ ಎಂದಿನಂತೆ ಹಗ್ಗವಿಲ್ಲದೆ, ಹೇಳುವವರು ಕೇಳುವವರಿಲ್ಲದೆ ಹಳ್ಳ ದಾಟಿ ಅಲ್ಲಿಗೆ ಹೋಗಿದ್ದ. ತಮ್ಮ ಆಳುಗಳು ಬಂದರು. ಅಲೆಯುತ್ತಿದ್ದ ನಾಯಿಯ ಕತ್ತಿನಲ್ಲಿ ಬಿಲ್ಲೆ ಕಂಡು ಬಿಟ್ಟರು. ಕಟ್ಟಿದ್ದ ನಾಯಿಯ ಕತ್ತಿನಲ್ಲಿ ಬಿಲ್ಲೆ ಕಾಣದೆ ಮುಂದೆ ವಿಷದ ಉಂಡೆ ಇಟ್ಟರು. ಮೂಗಮ್ಮ ಅದನ್ನು ಕಾಲಿನಿಂದ ಒದ್ದಳು, ಅವರು ದೊಣ್ಣೆ ತೆಗೆದರು. ಕಟ್ಟಿದ್ದರಿಂದ ಅದಕ್ಕೆ ಓಡಲೂ ಆಗಲಿಲ್ಲ. ಆ ಗಂಟು ಹಾಕಿದ್ದು ತನ್ನ ಕೈ ಎಂದು ಮೂಗಮ್ಮ ಇವತ್ತಿಗೂ ಅಳುತ್ತಾಳೆ.

ದೊಣ್ಣೆ ಹಿಡಿದವನನ್ನು ನಾನು ಆಮೇಲೆ ಕೇಳಿದೆ. "ನಂಗೇನ್ ಗೊತ್ತು ಬುದ್ದಿ, ಬಿಲ್ಲೆ ಇದ್ರ ಬುಡು, ಇಲ್ದಿದ್ರ ಒಡಿ ಅಂದವ್ರ. ಆ ಯಮ್ಮ ಕಿರ್ಚ್ಕಂಡದ್ದು ನಂಗೂ ಕಿವೀಲದ" ಎಂದ. ಅವನ ಮೇಲೆ ನನಗೆ ಕೋಪವಿಲ್ಲ. ಆ ಕೇರಿಯಲ್ಲಿ ದೊಡ್ಡ ನಾಯಿ ಒಂದೂ ಉಳಿಯಲಿಲ್ಲ, ಸ್ವಾಮಿ. ಉಳಿಯುವುದು ಸಾಧ್ಯವೂ ಇರಲಿಲ್ಲ. ನಂಬರಿಲ್ಲದ್ದಕ್ಕೆ ಅಲ್ಲಿ ನಲ್ಲಿ ಇಲ್ಲ, ಬೀದಿದೀಪ ಇಲ್ಲ, ಈಗ ನಾಯಿಯೂ ಇಲ್ಲ. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಯಿತು, ಚಲಾವಣೆಗೆ ನಯಾಪೈಸೆ ಬಂತು, ಇಡೀ ದೇಶದ ಕಾಸನ್ನೇ ಬದಲಾಯಿಸಿಬಿಟ್ಟರು. ಹಳ್ಳದಾಚೆಯ ಬಾಗಿಲುಗಳಿಗೆ ತಗಡು ಹೊಡೆಯಲು ತಮಗೆ ಮೊಳೆ ಸಿಗಲಿಲ್ಲವೇ?

ಅಂದು ಸಂಜೆ ನನ್ನ ಹೆಂಡತಿ ಹಳ್ಳ ದಾಟಿದಳು. ಮದುವೆಯಾಗಿ ಬಂದಾಗಿನಿಂದ ಅವಳು ಆ ಕಡೆ ಕಾಲಿಟ್ಟವಳಲ್ಲ, ನಾನೂ ಇಟ್ಟವನಲ್ಲ. ನಾಯಿ ಒಂದೇ ಹೋಗಿ ಬರುತ್ತಿತ್ತು. ಮೂಗಮ್ಮನ ಹಟ್ಟಿಯ ಮೂಲೆಯಲ್ಲಿ, ಬಿದಿರ ಮಕ್ಕರಿಯ ಕೆಳಗೆ, ತಮ್ಮ ಆಳುಗಳ ಕಣ್ಣಿಗೆ ಬೀಳದೆ ಉಳಿದ, ಇನ್ನೂ ಸರಿಯಾಗಿ ಕಣ್ಣು ಬಿಡದ ಒಂದು ಮರಿ ಇತ್ತು. ಮಂಗಳಗೌರಿ ಅದನ್ನು ಎತ್ತಿ ನೋಡಿದಳು. ಬಣ್ಣ ಕೆಂಚಿಯದು. ಎಡಗಿವಿ ಮಡಚಿಕೊಂಡಿರುವುದು ಮಾತ್ರ ನಮ್ಮ ಭೃಂಗಿಯದು, ಸಂಶಯವೇ ಇಲ್ಲ. ತಮ್ಮ ರಿಜಿಸ್ಟರಿನಲ್ಲಿ ತಂದೆಯ ಹೆಸರಿಗೆ ಜಾಗವಿಲ್ಲದ್ದು ಒಳ್ಳೆಯದೇ ಆಯಿತು, ಇದ್ದಿದ್ದರೆ ಶಿವಮಲ್ಲಪ್ಪ ಊಟ ಬಿಡುತ್ತಿದ್ದ. ಅಲ್ಲಿಂದೀಚೆಗೆ ಆ ಮರಿ ನಮ್ಮ ಹಸುವಿನ ಹಾಲು ಕುಡಿದು ಮೂಗಮ್ಮನ ಬಳಿಯೇ ಬೆಳೆಯುತ್ತಿದೆ. ಭೃಂಗಿ ಮಧ್ಯಾಹ್ನ ಹೋಗುತ್ತಾನೆ, ಖಾಲಿ ಗೂಟವನ್ನು ಮೂಸುತ್ತಾನೆ, ಆಮೇಲೆ ತಟ್ಟೆಗೆ ಬಾಯಿ ಹಾಕುತ್ತಾನೆ.

ನಾನು ಕೇಳುವುದು ದೊಡ್ಡದೇನಲ್ಲ. ಅಮಾವಾಸ್ಯೆಗೆ ಮುಂಚೆ ಆ ಕೇರಿಯ ಪ್ರತಿ ಬಾಗಿಲಿಗೂ ನಂಬರು ಹೊಡೆಸಿ. ಬಿಲ್ಲೆ ಕೇಳಿದವರಿಗೆ ಬಿಲ್ಲೆ ಕೊಡಿ. ಕಂದಾಯದ ದುಡ್ಡಿನಲ್ಲಿ ಚಾಮರಾಜನಗರದ ಡಾಕ್ಟರನ್ನು ಕರೆಸಿ ಊರಿನ ನಾಯಿಗಳಿಗೆಲ್ಲ ಸೂಜಿ ಹಾಕಿಸಿ, ಆಗ ಕೊಲ್ಲುವ ಕೆಲಸ ತಾನಾಗಿ ಕಡಮೆಯಾಗುತ್ತದೆ. ನಂಬರು ಬಂದರೆ ಮನೆಗಂದಾಯವೂ ಬರುತ್ತದೆ ಎಂದು ಮೂಗಮ್ಮನನ್ನು ಎಚ್ಚರಿಸಿದೆ. "ಬರ್ಲಿ ಬುಡಿ ಬುದ್ದಿ. ಕಂದಾಯ ಕಟ್ಟಿದ್ರ ಒಡಿಯಾಕ ಬರೋರ್ನ ಯಾಕ್ಲಾ ಅನ್ಬೋದು" ಎಂದಳು.

ಇನ್ನು ಆ ಸಮಾಚಾರ. ತಮ್ಮ ಉತ್ತರಕ್ಕೆ ಕಾಯುವಷ್ಟು ನಂಬಿಕೆ ನನ್ನ ಹೆಂಡತಿಗಿಲ್ಲ. ನೆನ್ನೆ ಡಂಗುರದವನು ಬೀದಿ ತಿರುಗುವ ಮೊದಲೇ ಅವಳು ನನ್ನ ಕೈಲಿ ಏಣಿ ಹಿಡಿಸಿ, ನಮ್ಮ ಬಾಗಿಲ ಮೇಲಿನ ನಂಬರು ತಗಡನ್ನು ಹಾರೆಯಿಂದ ಮೀಟಿ ಕಿತ್ತಳು. ಅದೀಗ ಮೂಗಮ್ಮನ ಬಾಗಿಲ ಮೇಲಿದೆ. ಭೃಂಗಿಯ ಕತ್ತಿನ ಬಿಲ್ಲೆ ಅವನ ಮರಿಯ ಕತ್ತಿನಲ್ಲಿದೆ, ಮರಿಗೆ ಸ್ವಲ್ಪ ಭಾರವೇ. ಒಂದು ನಂಬರು, ಒಂದು ಬಿಲ್ಲೆ, ಒಂದು ನಾಯಿ: ತಮ್ಮ ನಿಯಮ ಎಲ್ಲಿಯೂ ಮುರಿದಿಲ್ಲ. ಮೂಗಮ್ಮ ಬೇಡವೆಂದಳು. "ತಗ್ಡು ಕೊಟ್ಬುಟ್ರ ಕೆಂಚಿ ಬತ್ತಳಾ? ನಿಮ್ ನಾಯಿ ಗತಿ ಏನು?" ಎಂದು ಕೇಳಿದಳು. ಆ ಎರಡನೆಯ ಪ್ರಶ್ನೆಯನ್ನು ತಮಗೇ ಕಳಿಸುತ್ತಿದ್ದೇನೆ. ಅಮಾವಾಸ್ಯೆಯ ಮಾರನೆಯ ದಿನ ಭೃಂಗಿಯನ್ನು ನಮ್ಮ ಬಾಗಿಲ ಗೂಟಕ್ಕೆ ಕಟ್ಟಿರುತ್ತೇನೆ, ಕೆಂಚಿಯನ್ನು ಕಟ್ಟಿದಷ್ಟೇ ಬಿಗಿಯಾಗಿ. ನಂಬರಿಲ್ಲದ ಮನೆ, ಬಿಲ್ಲೆ ಇಲ್ಲದ ನಾಯಿ. ತಾವೇ ಖುದ್ದಾಗಿ ಬನ್ನಿ. ಪೇಟೆ ಬೀದಿಯ ವ್ಯಾಪಾರಿಯ ಬಾಗಿಲಲ್ಲಿ ದೊಣ್ಣೆ ಎತ್ತಲು ತಮ್ಮವರು ಹಿಂಜರಿಯುತ್ತಾರೆಂದು ನನಗೆ ಗೊತ್ತು. ಅವರು ಹಿಂಜರಿಯುತ್ತಾರೆ ಎನ್ನುವುದೇ ತಮ್ಮ ಮೇಲೆ ನನ್ನ ದೂರು.

ಇಂತಿ, ನೆನ್ನೆಯಿಂದ ನಂಬರಿಲ್ಲದವನು,
ಗುರುಪಾದಸ್ವಾಮಿ
ಬೇವಿನ ಮರದಿಂದ ಈಚೆಗೆ ಹಳ್ಳ ದಾಟಿದರೆ ಪೇಟೆ ಬೀದಿಯ ಎಡಗಡೆ ಐದನೆಯ ಬಾಗಿಲು