ಹಸಿರು ಅಕ್ಷರ

ಯಲಹಂಕ, ಶುಕ್ರವಾರ

ಗೌರಮ್ಮ ಆಂಟಿಗೆ ನಮಸ್ಕಾರ.

ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಿಥಿಯ ದಿನ ಬಾಲರಾಜುವಿನ ಫೋಟೋ ಮುಂದೆ, ಎಡೆಯ ಪಕ್ಕದಲ್ಲಿ, ಅವನ ಲ್ಯಾಪ್‌ಟಾಪನ್ನೂ ತೆರೆದಿಟ್ಟಿದ್ದಿರಲ್ಲ, ಅದರ ವಿಷಯ.

ಒಂದು ಡ್ರೋನ್ ಕಂಪನಿ ಯಾಕೆ ಮುಳುಗಿತು ಎಂದು ಕಾಲೇಜಿಗಾಗಿ ನಾವೆಲ್ಲ ಸೇರಿ ಒಂದೇ ಆನ್‌ಲೈನ್ ಫೈಲಿನಲ್ಲಿ, ಅವರವರ ಲ್ಯಾಪ್‌ಟಾಪಿನಿಂದ ಬರೆಯುತ್ತಿದ್ದೇವೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಬಾಲುವಿನದು ಹಸಿರು. ನಿನ್ನೆ ನನ್ನ ತಪ್ಪೊಂದನ್ನು ಯಾರೋ ಹಸಿರಿನಲ್ಲಿ ತಿದ್ದಿ, ‘ನಯನಾ, ನಿದ್ದೆಗಣ್ಣಲ್ಲಿ ಬರೀಬೇಡ ಕಣೇ’ ಎಂದು ಬರೆದಿದ್ದಾರೆ. ಅವನ ಲ್ಯಾಪ್‌ಟಾಪನ್ನು ಯಾರಾದರೂ ಮುಟ್ಟಿದರಾ ಎಂದಷ್ಟೇ ಫೋನಿನಲ್ಲಿ ನಿಮ್ಮನ್ನು ಕೇಳಿದರೆ, ‘ಅದ್ನ ಯಾರೂ ಮುಟ್ಟಿಲ್ಲ ಕಣಮ್ಮ, ಚಾರ್ಜಿಗೂ ಆಕಿಲ್ಲ. ಇನ್ನು ಎತ್ತಿಡ್ತೀನಿ’ ಅಂದಿರಿ.

ದಯವಿಟ್ಟು ನಾವು ಕಾಲೇಜಿಗೆ ಕೊಡುವವರೆಗೆ ಅದನ್ನು ಮುಚ್ಚಬೇಡಿ, ಆಂಟಿ. ಕೊನೆಯ ಭಾಗ ಬಾಲುವಿನದೇ. ಬರೆಯಲು ಶುರು ಮಾಡಿದ್ದಾನೆ.

ನಿಮ್ಮ
ನಯನಾ